ಟ್ಯಾಂಪೂನ್ ಅರ್ಧಕ್ಕೇ ನಿಲ್ಲುತ್ತಿದೆ, ಕೂತರೆ ಚುಚ್ಚುತ್ತದೆ. ಆರಾಮಾಗಿ ಹಾಕುವುದು ಹೇಗೆ?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ನನಗೆ 22 ವರ್ಷ. ಇಲ್ಲಿಯವರೆಗೆ ಪ್ಯಾಡ್ ಬಿಟ್ಟು ಬೇರೇನೂ ಬಳಸಿಲ್ಲ. ಈಗ ಈಜು ಕಲಿಯುತ್ತಿದ್ದೇನೆ. ಮುಟ್ಟಾದಾಗಲೆಲ್ಲ ಕ್ಲಾಸ್ ತಪ್ಪಿಸಿಕೊಳ್ಳಲು ಮನಸ್ಸಿಲ್ಲ. ಅದಕ್ಕೇ ಟ್ಯಾಂಪೂನ್ ತಂದೆ, ಅಂದರೆ ಯೋನಿಯೊಳಗೆ ಇಟ್ಟುಕೊಂಡರೆ ರಕ್ತ ಹೀರುವ, ಎಳೆದು ತೆಗೆಯಲು ದಾರ ಇರುವ ಹತ್ತಿಯ ಸಣ್ಣ ಸುರುಳಿ. ಅಪ್ಲಿಕೇಟರ್ (ಒಳಗೆ ಸೇರಿಸುವ ಕೊಳವೆ) ಇಲ್ಲದ, ಬೆರಳಿನಿಂದ ತಳ್ಳುವ ಥರದ್ದು.

ಸ್ವಲ್ಪ ಒಳಗೆ ಹೋಗುತ್ತದೆ. ಆಮೇಲೆ ಎದುರಿಗೆ ಗೋಡೆ ಇದ್ದ ಹಾಗೆ ನಿಂತುಬಿಡುತ್ತದೆ. ಹಾಗೇ ಬಿಟ್ಟು ಎದ್ದರೆ ನಡೆಯುವಾಗ ಉಜ್ಜುತ್ತದೆ, ಕೂತರೆ ಚುಚ್ಚುತ್ತದೆ. ಡಬ್ಬಿಯೊಳಗಿನ ಚೀಟಿಯಲ್ಲಿ "ಸರಿಯಾಗಿ ಹಾಕಿದರೆ ಏನೂ ಗೊತ್ತಾಗುವುದಿಲ್ಲ" ಅಂತ ಬರೆದಿದೆ. ಅದನ್ನು ಓದಿದ ಮೇಲಂತೂ ನನ್ನ ದೇಹದಲ್ಲೇ ಏನೋ ತೊಂದರೆ ಇರಬೇಕು ಅನ್ನಿಸುತ್ತಿದೆ. ಬಲವಾಗಿ ತಳ್ಳಿದರೆ ಒಳಗೆಲ್ಲೋ ಹೋಗಿ ಕಳೆದುಹೋಗುತ್ತದಾ ಅಂತಲೂ ಭಯ. ಗೊತ್ತಿದ್ದವರು ಬಿಡಿಸಿ ಹೇಳಿ. ಸಂಕೋಚ ಬೇಡ, ನನಗೆ ನೇರವಾದ ಮಾತೇ ಬೇಕು.

ಹೊಂಬೆಳಕು:
ಮಳೆಹನಿ ಅವರೇ, ನಾನು ಸ್ತ್ರೀರೋಗ ವಿಭಾಗದಲ್ಲಿ ನರ್ಸ್. ನೀವು ಇಷ್ಟು ಬಿಡಿಸಿ ಬರೆದಿದ್ದರಿಂದ ಉತ್ತರ ಹೇಳುವುದು ಸುಲಭವಾಯಿತು. ಕೂತರೆ ಚುಚ್ಚುತ್ತದೆ, ನಡೆದರೆ ಉಜ್ಜುತ್ತದೆ ಅಂದರೆ ಟ್ಯಾಂಪೂನ್ ಇನ್ನೂ ಒಳಗೆ ಹೋಗಬೇಕಿತ್ತು ಅಂತ ಅರ್ಥ. ಅಷ್ಟೇ. ಮೊದಲ ಸಲ ಹಾಕುವ ಬಹಳ ಜನರಿಗೆ ಹೀಗೇ ಆಗುತ್ತದೆ. ನೋವಾಗಬಾರದು ಅಂತ ಸ್ವಲ್ಪವೇ ಹಾಕಿ ನಿಲ್ಲಿಸುತ್ತಾರೆ. ಆದರೆ ನೋವಾಗುವ ಜಾಗವೇ ಅದು.

ಯೋನಿಯ ಬಾಯಿಯ ಸುತ್ತ ಸ್ನಾಯುಗಳಿವೆ. ಚೀಲದ ಬಾಯಿಗೆ ಹಾಕಿದ ಲಾಡಿಯ ಹಾಗೆ ಅವು ಬಿಗಿಯಾಗುತ್ತವೆ, ಸಡಿಲವಾಗುತ್ತವೆ. ಆ ಭಾಗಕ್ಕೆ ಸಣ್ಣ ಸ್ಪರ್ಶವೂ ಚೆನ್ನಾಗಿ ಗೊತ್ತಾಗುತ್ತದೆ. ಟ್ಯಾಂಪೂನ್ ಅಲ್ಲೇ ಸಿಕ್ಕಿಕೊಂಡರೆ ಪ್ರತಿ ಹೆಜ್ಜೆಗೂ ಒತ್ತುತ್ತದೆ. ಅದನ್ನು ದಾಟಿ ಮೇಲೆ ಹೋದರೆ ಜಾಗ ಅಗಲವಾಗಿದೆ, ಸ್ಪರ್ಶ ಗೊತ್ತಾಗುವುದು ತುಂಬಾ ಕಡಿಮೆ. ಚೀಟಿಯಲ್ಲಿ ಬರೆದಿರುವುದು ಆ ಜಾಗದ ಮಾತು.

ಇನ್ನು ನೀವು ಹೇಳಿದ ಗೋಡೆ. ಅದು ನಿಜವಾಗಿಯೂ ಗೋಡೆಯೇ, ಯೋನಿಯದ್ದೇ ಗೋಡೆ. ಯೋನಿ ನೇರವಾಗಿ ಮೇಲಕ್ಕೆ ಹೋಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಹಾಗಿಲ್ಲ. ನಿಂತಾಗ ಅದು ಹಿಂದಕ್ಕೆ ಓರೆಯಾಗಿರುತ್ತದೆ. ಹೊಕ್ಕುಳಿನ ಕಡೆಗೆ ತಳ್ಳಿದರೆ ಮುಂಭಾಗದ ಗೋಡೆಗೆ ತಾಗಿ ನಿಲ್ಲುತ್ತದೆ. ಬೆನ್ನಿನ ಕೆಳತುದಿಯ ಕಡೆಗೆ ಗುರಿಯಿಡಿ. ಎಷ್ಟೋ ಸಲ ಇದೊಂದನ್ನು ಬದಲಿಸಿದರೆ ಸಾಕಾಗುತ್ತದೆ.

ಕಳೆದುಹೋಗುವ ಭಯ ಬಿಟ್ಟುಬಿಡಿ. ಯೋನಿಯ ಮೇಲಿನ ತುದಿಯಲ್ಲಿ ಗರ್ಭಕೋಶದ ಬಾಯಿ ಇದೆ. ಅದರ ರಂಧ್ರ ತುಂಬಾ ಸಣ್ಣದು. ರಕ್ತ ಇಳಿಯುತ್ತದೆ, ಟ್ಯಾಂಪೂನ್ ಮೇಲೆ ಹತ್ತುವುದಿಲ್ಲ. ಒಳಗೆ ಸೇರಿದ್ದು ಯೋನಿಯಲ್ಲೇ ಇರುತ್ತದೆ.

ಮಳೆಹನಿ:
ಓದಿ ಜೀವ ಬಂದ ಹಾಗಾಯಿತು. ಹೊಕ್ಕುಳಿನ ಕಡೆಗೇ ತಳ್ಳುತ್ತಿದ್ದೆ. ಆದರೆ ಹಾಕಲು ಕೂತ ತಕ್ಷಣ ಮೈಯೆಲ್ಲ ಬಿಗಿಯಾಗುತ್ತದೆ. ಕೈಯೂ ನಡುಗುತ್ತದೆ. ಅದಕ್ಕೇನು ಮಾಡಲಿ?

ಹೊಂಬೆಳಕು:
ಅದಕ್ಕೇ ಜಾಸ್ತಿ ಗಮನ ಕೊಡಿ, ಯಾಕೆಂದರೆ ಮುಕ್ಕಾಲು ತೊಂದರೆ ಅಲ್ಲೇ ಇದೆ. ನೋವಾಗುತ್ತದೆ ಅಂತ ಅಂದುಕೊಂಡರೆ ಆ ಸ್ನಾಯುಗಳು ತಾವಾಗಿಯೇ ಬಿಗಿಯುತ್ತವೆ. ಬಿಗಿದಾಗ ತಳ್ಳಿದರೆ ನಿಜವಾಗಿ ನೋವಾಗುತ್ತದೆ. ಮುಂದಿನ ಸಲ ಇನ್ನೂ ಬೇಗ ಬಿಗಿಯುತ್ತವೆ. ಆದ್ದರಿಂದ ಬಲ ಹಾಕಿ ಗೆಲ್ಲುವ ಕೆಲಸ ಇದಲ್ಲ.

ಯಾರೂ ಬಾಗಿಲು ಬಡಿಯದ ಹೊತ್ತು ನೋಡಿಕೊಳ್ಳಿ. ಈಜಿಗೆ ಹೊರಡುವ ಗಡಿಬಿಡಿಯಲ್ಲಂತೂ ಮೊದಲ ಪ್ರಯತ್ನ ಬೇಡವೇ ಬೇಡ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಉಗುರು ಉದ್ದ ಇದ್ದರೆ ಕತ್ತರಿಸಿ. ಹೊದಿಕೆ ಬಿಚ್ಚಿದ ಮೇಲೆ ದಾರವನ್ನು ಒಮ್ಮೆ ಎಳೆದು ಗಟ್ಟಿಯಾಗಿದೆಯಾ ನೋಡಿ. ಮೊದಲು ಕನ್ನಡಿ ಹಿಡಿದು ಸುಮ್ನೆ ನೋಡಿಕೊಂಡರೂ ಒಳ್ಳೆಯದು. ಮೂತ್ರ ಬರುವ ದಾರಿ ಮುಂದೆ ಇದೆ, ಯೋನಿ ಅದರ ಹಿಂದೆ, ಮಲದ್ವಾರ ಇನ್ನೂ ಹಿಂದೆ. ತಮ್ಮ ದೇಹದ ಈ ಭಾಗವನ್ನು ಒಮ್ಮೆಯೂ ನೋಡಿಕೊಳ್ಳದ ಹೆಂಗಸರು ನನಗೆ ದಿನವೂ ಸಿಗುತ್ತಾರೆ. ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ, ಅದು ಅವರ ತಪ್ಪಲ್ಲ.

ಆಮೇಲೆ ಭಂಗಿ. ಒಂದು ಕಾಲನ್ನು ಸ್ಟೂಲ್ ಮೇಲಿಟ್ಟು ನಿಲ್ಲಬಹುದು, ಕುಕ್ಕರಗಾಲಲ್ಲಿ ಕೂರಬಹುದು, ಮಂಡಿ ಅಗಲಿಸಿ ಕಮೋಡ್ ಮೇಲೆ ಕೂರಬಹುದು. ನಿಮ್ಮ ಹಾಗೆ ಮೈ ಬಿಗಿಯುವವರಿಗೆ ಮಲಗಿ, ಮಂಡಿ ಮಡಚಿ ಹಾಕುವುದು ಸುಲಭವಾಗಬಹುದು. ಉಸಿರು ನಿಧಾನವಾಗಿ ಬಿಡಿ. ಬಿಡುತ್ತಿರುವಾಗಲೇ ತಳ್ಳಿ. ಉಸಿರು ಬಿಗಿಹಿಡಿದರೆ ಕೆಳಗಿನ ಸ್ನಾಯುಗಳೂ ಬಿಗಿಯುತ್ತವೆ. ಹಲ್ಲು ಕಚ್ಚಿಕೊಂಡಿದ್ದರೆ ಸಡಿಲ ಬಿಡಿ. ಟ್ಯಾಂಪೂನಿನ ಬುಡಕ್ಕೆ ಬೆರಳಿಟ್ಟು, ಬೆರಳಿನ ನಡುಗೆಣ್ಣು ಒಳಗೆ ಹೋಗುವವರೆಗಾದರೂ ತಳ್ಳಬೇಕು. ದಾರ ಹೊರಗೇ ಇರಲಿ. ಎದ್ದು ನಿಂತಾಗ ಏನೂ ತಾಗದಿದ್ದರೆ ಸರಿ ಕೂತಿದೆ. ತಾಗಿದರೆ ಬೆರಳಿನಿಂದ ಇನ್ನೂ ಸ್ವಲ್ಪ ತಳ್ಳಿ ನೋಡಿ. ಆಗಲೂ ತಾಗಿದರೆ ತೆಗೆದುಬಿಡಿ.

ಚುರುಕ್ ಅಂತ ನೋವಾದರೆ ಅಲ್ಲಿಗೇ ನಿಲ್ಲಿಸಿ. ಇವತ್ತೇ ಆಗಬೇಕು ಅಂತ ಏನಿಲ್ಲ. ಪ್ಯಾಡ್ ಹಾಕಿಕೊಂಡು ಮಲಗಿ, ನಾಳೆ ನೋಡಿದರಾಯಿತು.

ಚಿಗುರು:
ನಾನು ಒಂದು ಉಪಾಯ ಹೇಳಲಾ? ಮುಟ್ಟಿಲ್ಲದ ದಿನ ಅಭ್ಯಾಸ ಮಾಡಿದರೆ ಗಲೀಜಿರುವುದಿಲ್ಲ, ಧೈರ್ಯವೂ ಬರುತ್ತದೆ.

ಹೊಂಬೆಳಕು:
ಚಿಗುರು ಅವರೇ, ಈ ಸಲಹೆ ನನಗೆ ಒಪ್ಪಿಗೆಯಿಲ್ಲ. ಟ್ಯಾಂಪೂನ್ ಇರುವುದೇ ಹೀರುವುದಕ್ಕೆ. ರಕ್ತ ಇಲ್ಲದಿದ್ದರೆ ಅಲ್ಲಿರುವ ತೇವವನ್ನೆಲ್ಲ ಹೀರುತ್ತದೆ. ತೆಗೆಯುವಾಗ ಒಣ ಹತ್ತಿ ಚರ್ಮಕ್ಕೆ ಅಂಟಿಕೊಂಡು ಎಳೆಯುತ್ತದೆ. ಮೊದಲ ಅನುಭವವೇ ಹಾಗಾದರೆ ಭಯ ಇನ್ನೂ ಜಾಸ್ತಿಯಾಗುತ್ತದೆ. ಸ್ರಾವ ಚೆನ್ನಾಗಿರುವ ದಿನವೇ ಶುರು ಮಾಡಿ, ಆಗ ಸುಲಭವಾಗಿ ಜಾರುತ್ತದೆ. ಅಭ್ಯಾಸ ಬೇಕೇ ಬೇಕು ಅಂದರೆ ತೊಳೆದ ಬೆರಳು ಸಾಕು, ದಿಕ್ಕು ಯಾವುದು ಅಂತ ಅದರಲ್ಲೇ ಗೊತ್ತಾಗುತ್ತದೆ.

ಚಿಗುರು:
ಸರಿ ಅಕ್ಕ, ಇದನ್ನು ಯೋಚಿಸಿರಲಿಲ್ಲ.

ಕಡಲತೀರ:
ಅಪ್ಲಿಕೇಟರ್ ಬಗ್ಗೆ ನನ್ನದೊಂದು ಮಾತು. ಬೆರಳು ಒಳಗೆ ಹಾಕಲು ಹಿಂಜರಿಕೆ ಇರುವವರಿಗೆ ಅದು ನಿಜಕ್ಕೂ ಅನುಕೂಲ. ಒಂದರೊಳಗೆ ಒಂದು ಜಾರುವ ಎರಡು ಕೊಳವೆ ಇರುತ್ತದೆ. ದಪ್ಪ ಕೊಳವೆಯನ್ನು ಬೆರಳು ಹಿಡಿಯುವ ಜಾಗದವರೆಗೆ ಒಳಗೆ ಸೇರಿಸಬೇಕು. ಸಣ್ಣದನ್ನು ತಳ್ಳಿದರೆ ಟ್ಯಾಂಪೂನ್ ಮೇಲೆ ಹೋಗಿ ಕೂರುತ್ತದೆ. ಆಮೇಲೆ ಎರಡೂ ಕೊಳವೆ ಹೊರಗೆ ತೆಗೆಯಬೇಕು. ಪ್ಲಾಸ್ಟಿಕ್ಕಿನದು ನುಣುಪಾಗಿ ಜಾರುತ್ತದೆ, ರಟ್ಟಿನದು ಸ್ವಲ್ಪ ಒರಟು. ಮೊದಲ ಸಲಕ್ಕೆ ನಾನು ಪ್ಲಾಸ್ಟಿಕ್ಕೇ ಅನ್ನುತ್ತೇನೆ, ಕಸ ಜಾಸ್ತಿ ಆಗುತ್ತದೆ ಅನ್ನುವುದು ಗೊತ್ತಿದ್ದರೂ.

ಈ ಕೊಳವೆ ಮಾಡಿದ್ದು ಅಮೆರಿಕದ ವೈದ್ಯ ಅರ್ಲ್ ಹಾಸ್. 1933ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಮುಟ್ಟಿನ ಜಾಗವನ್ನು ಮುಟ್ಟದೆ ಹಾಕಿಕೊಳ್ಳುವ ದಾರಿ ಅದು. ಮಳೆಹನಿ ತಂದಿರುವ, ಬೆರಳಿನಿಂದ ಹಾಕುವ ಚಿಕ್ಕದನ್ನು ರೂಪಿಸಿದ್ದು ಜರ್ಮನಿಯ ಸ್ತ್ರೀರೋಗ ವೈದ್ಯೆ ಜೂಡಿತ್ ಎಸ್ಸರ್. ಅವರು ಈಜುಗಾರ್ತಿಯೂ ಆಗಿದ್ದರು. ನಿಮ್ಮ ತೊಂದರೆ ಅವರಿಗೆ ಚೆನ್ನಾಗಿ ಅರ್ಥವಾಗುತ್ತಿತ್ತು ಅಂತ ನನಗೆ ಅನ್ನಿಸುತ್ತದೆ.

ಅಳತೆ ಮಾತ್ರ ಚಿಕ್ಕದೇ ಇರಲಿ. ಲೈಟ್, ರೆಗ್ಯುಲರ್, ಸೂಪರ್ ಅಂತ ಬರುವುದು ವಯಸ್ಸಿಗಲ್ಲ, ಎಷ್ಟು ಹೀರುತ್ತದೆ ಅನ್ನುವುದಕ್ಕೆ. ಅಮೆರಿಕದ ನಿಯಮದಲ್ಲಿ ಲೈಟ್ ಅಂದರೆ 6 ಗ್ರಾಂ ವರೆಗೆ, ರೆಗ್ಯುಲರ್ 6ರಿಂದ 9, ಸೂಪರ್ 9ರಿಂದ 12 ಗ್ರಾಂ. ಲೈಟ್ ತೆಳ್ಳಗಿರುತ್ತದೆ, ಕಲಿಯಲು ಅದೇ ಸಾಕು.

ಗುಬ್ಬಿಗೂಡು:
ತುದಿಗೆ ಸ್ವಲ್ಪ ಜಾರುವಂಥದ್ದು ಹಚ್ಚಬಹುದಾ? ವ್ಯಾಸಲೀನ್?

ಹೊಂಬೆಳಕು:
ವ್ಯಾಸಲೀನ್ ಬೇಡ, ಎಣ್ಣೆಯೂ ಬೇಡ. ಔಷಧಿ ಅಂಗಡಿಯಲ್ಲಿ ನೀರಿನಂಶದ ಲ್ಯೂಬ್ರಿಕೆಂಟ್ ಜೆಲ್ ಸಿಗುತ್ತದೆ. ಅದನ್ನು ಒಂದು ಹನಿ ತುದಿಗೆ ಹಚ್ಚಿದರೆ ಸಾಕು. ಸುವಾಸನೆ ಹಾಕಿದ ಟ್ಯಾಂಪೂನ್ ಕೂಡ ಬೇಡ, ಚರ್ಮ ಉರಿಯಬಹುದು.

ಇಬ್ಬನಿ:
ಕೇಳಲು ಮುಜುಗರ ಆಗುತ್ತಿದೆ. ಆದರೂ ಕೇಳುತ್ತೇನೆ. ಟ್ಯಾಂಪೂನ್ ಹಾಕಿದರೆ ಕನ್ಯಾಪೊರೆ ಹರಿಯುತ್ತದೆ, ಕನ್ಯತ್ವ ಹೋಗುತ್ತದೆ ಅಂತ ನನ್ನ ಗೆಳತಿಯರು ಹೇಳುತ್ತಾರೆ. ನಿಜವಾ?

ಹೊಂಬೆಳಕು:
ಇಬ್ಬನಿ, ಕೇಳಿದ್ದು ಒಳ್ಳೆಯದೇ ಆಯಿತು. ಮುಜುಗರ ಬೇಡ. ಕನ್ಯಾಪೊರೆ ಅಂದರೆ ಯೋನಿಯ ಬಾಯಿಯನ್ನು ಮುಚ್ಚಿದ ಪರದೆ ಅಲ್ಲ. ಬಾಯಿಯ ಅಂಚಿನಲ್ಲಿರುವ ಮೆತ್ತಗಿನ ಮಡಿಕೆ. ಸಾಮಾನ್ಯವಾಗಿ ಅದರ ಮಧ್ಯೆ ದಾರಿ ಇದ್ದೇ ಇರುತ್ತದೆ. ಇಲ್ಲದಿದ್ದರೆ ಮುಟ್ಟಿನ ರಕ್ತ ಹೊರಗೆ ಬರುವುದಾದರೂ ಹೇಗೆ? ಒಬ್ಬೊಬ್ಬರಿಗೆ ಒಂದೊಂದು ಆಕಾರ. ಟ್ಯಾಂಪೂನಿಗೆ ಅದು ಸ್ವಲ್ಪ ಹಿಗ್ಗಬಹುದು, ಕೆಲವೊಮ್ಮೆ ಅಂಚು ಸ್ವಲ್ಪ ಹರಿಯಲೂಬಹುದು. ಕನ್ಯತ್ವಕ್ಕೂ ಅದಕ್ಕೂ ಸಂಬಂಧವಿಲ್ಲ. ಅದನ್ನು ನೋಡಿ ಒಬ್ಬ ಹೆಣ್ಣಿಗೆ ಲೈಂಗಿಕ ಸಂಪರ್ಕ ಆಗಿದೆಯೋ ಇಲ್ಲವೋ ಅಂತ ಯಾವ ವೈದ್ಯರೂ ಹೇಳಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ವಿಶ್ವಸಂಸ್ಥೆಯ ಇತರ ಅಂಗಗಳ ಜೊತೆ ಸೇರಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಕನ್ಯತ್ವ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲ, ಅದನ್ನು ನಿಲ್ಲಿಸಬೇಕು ಅಂತ. ಈ ಒಂದು ಸುಳ್ಳಿನಿಂದ ಎಷ್ಟು ಹುಡುಗಿಯರು ಹೆದರಿಕೊಂಡಿದ್ದಾರೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ನದಿದಂಡೆ:
ಈ ವಿಷಯಕ್ಕೆ ನನ್ನ ಅನುಭವ ಸೇರಿಸಲೇಬೇಕು. ಕೆಲವರಿಗೆ ದೇಹದಲ್ಲೇ ಕಾರಣ ಇರುತ್ತದೆ. ಅಂಥವರು ಸುಮ್ನೆ ಇನ್ನೂ ಪ್ರಯತ್ನಿಸಿ, ಇನ್ನೂ ಸಡಿಲ ಬಿಡಿ ಅನ್ನುವ ಮಾತು ಕೇಳಿ ಕೇಳಿ ಸೋತಿರುತ್ತಾರೆ.

ನನಗೆ ಹಾಕುವಾಗ ಹೇಗೋ ಹೋಯಿತು. ತೆಗೆಯುವಾಗ ಅರ್ಧ ಬಂದು ಸಿಕ್ಕಿಕೊಂಡಿತು. ಮಧ್ಯದಲ್ಲಿ ಏನೋ ಪಟ್ಟಿ ಅಡ್ಡ ಹಿಡಿದ ಹಾಗೆ. ರಕ್ತ ಹೀರಿ ಉಬ್ಬಿದ ಟ್ಯಾಂಪೂನ್ ಆ ಸಣ್ಣ ದಾರಿಯಲ್ಲಿ ಹೊರಗೆ ಬರಲಿಲ್ಲ. ತುಂಬಾ ಹೆದರಿದೆ. ವೈದ್ಯರ ಹತ್ತಿರ ಹೋದಾಗ ಗೊತ್ತಾಯಿತು. ಕನ್ಯಾಪೊರೆಯ ಮಧ್ಯೆ ಮೇಲಿಂದ ಕೆಳಕ್ಕೆ ಒಂದು ಪಟ್ಟಿ ಹುಟ್ಟಿನಿಂದಲೇ ಇತ್ತು. ಅದರಿಂದಾಗಿ ಒಂದರ ಬದಲು ಎರಡು ಸಣ್ಣ ದಾರಿ. ಸಣ್ಣ ಶಸ್ತ್ರಚಿಕಿತ್ಸೆಯಲ್ಲಿ ಆ ಪಟ್ಟಿ ತೆಗೆದರು. ಅಂದೇ ಮನೆಗೆ ಬಂದೆ. ಈಗ ಏನೂ ತೊಂದರೆಯಿಲ್ಲ.

ನನ್ನನ್ನು ಮೊದಲು ನೋಡಿದ ಒಬ್ಬರು ಪರೀಕ್ಷೆಯೇ ಮಾಡದೆ, ನಿಮಗೆ ಭಯ ಜಾಸ್ತಿ ಅಷ್ಟೇ ಅಂತ ಹೇಳಿ ಕಳಿಸಿದ್ದರು. ಅದರಿಂದ ನನಗೆ ತುಂಬಾ ನೋವಾಯಿತು. ನಿಮಗೆ ಏನೋ ಸರಿಯಿಲ್ಲ ಅಂತ ಅನ್ನಿಸಿದರೆ ಇನ್ನೊಬ್ಬ ವೈದ್ಯರನ್ನು ನೋಡಿ.

ಹೊಂಬೆಳಕು:
ನದಿದಂಡೆ ಅವರೇ, ಬರೆದಿದ್ದಕ್ಕೆ ಧನ್ಯವಾದ. ಇದರ ಜೊತೆ ಇನ್ನೊಂದನ್ನೂ ಹೇಳಬೇಕು. ವೆಜೈನಿಸ್ಮಸ್ ಅಂತ ಒಂದು ಸ್ಥಿತಿ ಇದೆ. ಅದರಲ್ಲಿ ಸ್ನಾಯುಗಳು ತಮ್ಮಷ್ಟಕ್ಕೆ ಎಷ್ಟು ಬಿಗಿಯುತ್ತವೆ ಅಂದರೆ ತೆಳ್ಳಗಿನ ಟ್ಯಾಂಪೂನ್, ಒಂದು ಬೆರಳು ಕೂಡ ಹೋಗುವುದಿಲ್ಲ. ಮನಸ್ಸು ಗಟ್ಟಿ ಮಾಡಿಕೊಂಡರೆ ಹೋಗುವಂಥದ್ದಲ್ಲ ಅದು. ಆ ಸ್ನಾಯುಗಳಿಗೇ ಫಿಸಿಯೋಥೆರಪಿ ಇದೆ, ಡೈಲೇಟರ್ ಅನ್ನುವ ನುಣುಪಾದ ಕೋಲಿನಂಥ ಸಾಧನಗಳನ್ನು ಒಳಗೆ ಹಾಕಿ, ನಿಧಾನವಾಗಿ ಅಳತೆ ಹೆಚ್ಚಿಸುತ್ತಾ ಹೋಗುವ ಅಭ್ಯಾಸ ಇದೆ, ಬೇಕಿದ್ದರೆ ಆಪ್ತಸಮಾಲೋಚನೆ ಇದೆ. ಬಹಳ ಜನರಿಗೆ ಗುಣವಾಗುತ್ತದೆ. ದಿಕ್ಕು, ಅಳತೆ, ಉಸಿರು ಎಲ್ಲ ಸರಿ ಮಾಡಿದರೂ ಪ್ರತಿ ಸಲ ನೋವೇ ಆದರೆ ಕಾರಣ ಹುಡುಕಿಸಿಕೊಳ್ಳಿ.

ತಂಗಾಳಿ:
ನನಗೆ ಟಾಕ್ಸಿಕ್ ಶಾಕ್ ಭಯ. ಅದರ ಬಗ್ಗೆ ಓದಿದ ಮೇಲೆ ಡಬ್ಬಿ ತೆರೆಯಲೇ ಇಲ್ಲ.

ಹೊಂಬೆಳಕು:
ಭಯ ಬೇಡ, ಎಚ್ಚರ ಬೇಕು. ಸ್ಟೆಫಿಲೊಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾದ ಕೆಲವು ಬಗೆಗಳು ವಿಷ ಉತ್ಪಾದಿಸುತ್ತವೆ. ಆ ವಿಷ ರಕ್ತಕ್ಕೆ ಸೇರಿದಾಗ ಈ ಕಾಯಿಲೆ ಬರುತ್ತದೆ. ಇದು ತುಂಬಾ ಅಪರೂಪ. ಆದರೆ ಬಂದರೆ ಗಂಭೀರ. 1980ರಲ್ಲಿ ಅಮೆರಿಕದಲ್ಲಿ ಒಮ್ಮೆಲೇ ತುಂಬಾ ಜನರಿಗೆ ಬಂತು. ಅತಿ ಹೆಚ್ಚು ಹೀರುವ ಟ್ಯಾಂಪೂನ್‌ಗಳಿಗೂ ಅದಕ್ಕೂ ನಂಟಿದೆ ಅಂತ ಗೊತ್ತಾಯಿತು. ರಿಲೈ ಅನ್ನುವ ಬ್ರ್ಯಾಂಡನ್ನು ಆ ವರ್ಷ ಸೆಪ್ಟೆಂಬರ್‌ನಲ್ಲಿ ಮಾರುಕಟ್ಟೆಯಿಂದ ವಾಪಸ್ ಪಡೆದರು. ಅಂಥ ಟ್ಯಾಂಪೂನ್ ಕಡಿಮೆಯಾದ ಮೇಲೆ ಕಾಯಿಲೆಯೂ ಇಳಿಯಿತು.

ಅದರಿಂದಲೇ ಈಗಿನ ನಿಯಮ. 4ರಿಂದ 8 ಗಂಟೆಯೊಳಗೆ ಬದಲಿಸಿ. 8 ಗಂಟೆ ದಾಟಬಾರದು. ನಿಮ್ಮ ಸ್ರಾವಕ್ಕೆ ಸಾಕಾಗುವಷ್ಟು ಕಡಿಮೆ ಹೀರುವುದನ್ನೇ ಆರಿಸಿ. ಪದೇ ಪದೇ ಬದಲಿಸುವುದು ಬೇಡ ಅಂತ ಸೂಪರ್ ಹಾಕಬೇಡಿ. ಮಧ್ಯೆ ಮಧ್ಯೆ ಪ್ಯಾಡ್ ಬಳಸಿ. ರಾತ್ರಿ 8 ಗಂಟೆಗಿಂತ ಜಾಸ್ತಿ ಮಲಗುವವರು ಪ್ಯಾಡ್ ಹಾಕಿಕೊಳ್ಳಿ. ಹಿಂದೆ ಈ ಕಾಯಿಲೆ ಬಂದಿದ್ದವರು ಟ್ಯಾಂಪೂನ್ ಬಳಸಲೇಬಾರದು.

ಟ್ಯಾಂಪೂನ್ ಇರುವಾಗ ಅಥವಾ ತೆಗೆದ ಸ್ವಲ್ಪ ದಿನಗಳೊಳಗೆ ದಿಢೀರ್ ಜೋರು ಜ್ವರ, ವಾಂತಿ, ಭೇದಿ, ತಲೆಸುತ್ತು, ಬಿಸಿಲಿಗೆ ಸುಟ್ಟ ಹಾಗೆ ಮೈ ಕೆಂಪಾಗುವುದು, ಇವು ಕಂಡರೆ ತಕ್ಷಣ ಟ್ಯಾಂಪೂನ್ ತೆಗೆದು ಆಸ್ಪತ್ರೆಗೆ ಹೋಗಿ. ಟ್ಯಾಂಪೂನ್ ಬಳಸುತ್ತಿದ್ದೆ ಅಂತ ನೀವೇ ಬಾಯಿಬಿಟ್ಟು ಹೇಳಿ. ವೈದ್ಯರು ಕೇಳದೇ ಇರಬಹುದು.

ತಂಗಾಳಿ:
ಇದನ್ನು ಬರೆದಿಟ್ಟುಕೊಂಡೆ. ಟ್ಯಾಂಪೂನಿನಲ್ಲಿ ಸೀಸ ಸಿಕ್ಕಿದೆ ಅಂತಲೂ ಸುದ್ದಿ ಬಂದಿತ್ತಲ್ಲ?

ಕಡಲತೀರ:
ಹೌದು, 2024ರ ಅಧ್ಯಯನ ಅದು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರ ತಂಡ 14 ಬ್ರ್ಯಾಂಡಿನ 30 ಟ್ಯಾಂಪೂನ್ ಪರೀಕ್ಷಿಸಿತು. ಸೀಸ ಸೇರಿ ಹಲವು ಲೋಹಗಳ ಅಂಶ ಕಂಡಿತು. ಆದರೆ ಅದು ಯೋನಿಯ ಮೂಲಕ ದೇಹಕ್ಕೆ ಸೇರುತ್ತದೆ ಅಂತ ಆ ಅಧ್ಯಯನ ತೋರಿಸಿಲ್ಲ. ಅದು ಅಳೆದದ್ದು ಟ್ಯಾಂಪೂನಿನಲ್ಲಿ ಏನಿದೆ ಅನ್ನುವುದನ್ನು ಮಾತ್ರ. ನಾನು ಬಳಕೆ ನಿಲ್ಲಿಸಿಲ್ಲ. ನಿಮಗೆ ಮನಸ್ಸಿಗೆ ಸರಿಬರದಿದ್ದರೆ ಮುಟ್ಟಿನ ಕಪ್ (ಒಳಗಿಟ್ಟು ರಕ್ತ ಹಿಡಿಯುವ ಬಟ್ಟಲು) ಇದೆ, ಪ್ಯಾಡ್ ಇದೆ.

ಮಳೆಹನಿ:
ಎಲ್ಲರಿಗೂ ಒಂದು ಸುದ್ದಿ. ಈ ಸಲ ಲೈಟ್ ತಂದೆ. ಮಲಗಿ, ಉಸಿರು ಬಿಡುತ್ತಾ, ಬೆನ್ನಿನ ಕಡೆಗೆ ತಳ್ಳಿದೆ. ಹೋಯಿತು! ಎದ್ದು ಓಡಾಡಿದೆ, ಕೂತೆ, ಬಗ್ಗಿದೆ. ಎಲ್ಲೂ ಚುಚ್ಚಲಿಲ್ಲ. ಎಷ್ಟು ಖುಷಿಯಾಯಿತು ಅಂದರೆ ಅಳುವೇ ಬಂತು.

ಆದರೆ ತೆಗೆಯುವಾಗ ಉರಿಯಿತು. ಎರಡು ಗಂಟೆಗೆಲ್ಲ ತೆಗೆದುಬಿಟ್ಟೆ, ತುಂಬಾ ಹೊತ್ತು ಬಿಡಲು ಭಯವಾಯಿತು. ಅರ್ಧ ಬಿಳಿಯಾಗೇ ಇತ್ತು. ಇನ್ನೊಂದು, ಈಜುವಾಗ ಏನು ನೋಡಿಕೊಳ್ಳಬೇಕು? ಮೂತ್ರಕ್ಕೆ ಹೋಗುವಾಗ ಪ್ರತಿ ಸಲ ತೆಗೆಯಬೇಕಾ?

ಹೊಂಬೆಳಕು:
ನನಗೂ ತುಂಬಾ ಸಂತೋಷವಾಯಿತು ಮಳೆಹನಿ! ಉರಿಗೆ ಕಾರಣ ನೀವೇ ಬರೆದಿದ್ದೀರಿ, ಅದು ಅರ್ಧ ಬಿಳಿಯಾಗೇ ಇತ್ತು. ಪೂರ್ತಿ ನೆನೆದಿದ್ದರೆ ಮೆತ್ತಗೆ ಜಾರಿ ಬರುತ್ತದೆ. ಒಣಗಿದ್ದರೆ ಎಳೆಯುತ್ತದೆ. ಮುಂದಿನ ಸಲ ನಾಲ್ಕು ಗಂಟೆ ಬಿಟ್ಟು ನೋಡಿ. ಸ್ರಾವ ಕಡಿಮೆಯಾದ ಕೊನೆಯ ದಿನಗಳಲ್ಲಿ ಟ್ಯಾಂಪೂನ್ ಬದಲು ಪ್ಯಾಡೇ ಒಳ್ಳೆಯದು. ತೆಗೆಯುವಾಗಲೂ ಉಸಿರು ಬಿಡುತ್ತಾ, ದಾರವನ್ನು ನೇರ ಕೆಳಗೆ ಜಗ್ಗದೆ, ಹಾಕಿದ ಓರೆಯಲ್ಲೇ ಮುಂದಕ್ಕೆ ನಿಧಾನವಾಗಿ ಎಳೆಯಿರಿ.

ಮೂತ್ರದ ದಾರಿ ಬೇರೆ, ಆದ್ದರಿಂದ ತೆಗೆಯಬೇಕಿಲ್ಲ. ದಾರವನ್ನು ಬೆರಳಲ್ಲಿ ಪಕ್ಕಕ್ಕೆ ಹಿಡಿದರೆ ಒದ್ದೆಯಾಗುವುದಿಲ್ಲ. ಮಲ ವಿಸರ್ಜನೆ ಮಾಡುವಾಗ ಮುಕ್ಕಿದರೆ ಟ್ಯಾಂಪೂನ್ ಕೆಳಗೆ ಜಾರಬಹುದು, ದಾರ ಗಲೀಜಾಗಬಹುದು. ಆಗ ಬದಲಿಸಿಬಿಡಿ. ತೆಗೆದದ್ದನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಗೆ ಹಾಕಿ. ಕಮೋಡಿಗೆ ಹಾಕಿದರೆ ಪೈಪ್ ಕಟ್ಟಿಕೊಳ್ಳುತ್ತದೆ.

ಕಡಲತೀರ:
ಈಜಿನ ವಿಷಯ ನಾನು ಹೇಳುತ್ತೇನೆ. ನೀರಿಗೆ ಇಳಿಯುವ ಸ್ವಲ್ಪ ಮೊದಲು ಹೊಸದು ಹಾಕಿ. ದಾರವನ್ನು ಈಜುಡುಗೆಯ ಒಳಕ್ಕೆ ಮಡಚಿಡಿ. ದಾರ ಸ್ವಲ್ಪ ನೀರು ಹೀರುತ್ತದೆ, ಅದು ಸಹಜ. ಮೇಲೆ ಬಂದ ತಕ್ಷಣ ಬದಲಿಸಿ. ಗಾಢ ಬಣ್ಣದ ಉಡುಗೆ ಹಾಕಿದರೆ ಮನಸ್ಸಿಗೆ ನಿರಾಳ, ಮೊದಲ ದಿನ ಅದೂ ಮುಖ್ಯ ಅಲ್ವಾ. ಪ್ಯಾಡ್ ಮಾತ್ರ ನೀರಿನಲ್ಲಿ ಹಾಕಬೇಡಿ, ನೀರು ಕುಡಿದು ಉಬ್ಬುತ್ತದೆ.

ಬೆಳ್ಳಿಮೋಡ:
ನನ್ನ ಮಗಳೂ ಈಜುತ್ತಾಳೆ. ಮುಟ್ಟು ಶುರುವಾಗಿ ಸ್ವಲ್ಪ ಸಮಯವಾಯಿತು. ಅವಳಿಗೆ ಟ್ಯಾಂಪೂನ್ ಬಗ್ಗೆ ಹೇಳಲು ಇದು ತೀರಾ ಬೇಗವಾ?

ಹೊಂಬೆಳಕು:
ಬೇಗ ಅಲ್ಲ. ಮುಟ್ಟು ಬಂದವರು ಯಾವ ವಯಸ್ಸಿನಲ್ಲೂ ಬಳಸಬಹುದು. ಆದರೆ ಬೇಕಾ ಬೇಡವಾ ಅನ್ನುವುದು ಅವಳದೇ ತೀರ್ಮಾನವಾಗಿರಲಿ. ಈ ಮಾತನ್ನು ದಯವಿಟ್ಟು ಗಟ್ಟಿಯಾಗಿ ಹಿಡಿದುಕೊಳ್ಳಿ. ಪಂದ್ಯ ಇದೆ, ಹಾಕಿಕೋ ಅಂತ ಒತ್ತಾಯ ಮಾಡಬೇಡಿ. ಚಿತ್ರ ತೋರಿಸಿ ವಿವರಿಸಿ, ಡಬ್ಬಿ ಕೊಡಿ, ಹೊರಗೇ ಒಂದನ್ನು ನೀರಲ್ಲಿ ಅದ್ದಿ ಹೇಗೆ ಉಬ್ಬುತ್ತದೆ ಅಂತ ನೋಡಲಿ. 8 ಗಂಟೆಯ ನಿಯಮ ಅವಳಿಗೆ ಚೆನ್ನಾಗಿ ನೆನಪಿರಬೇಕು. ಮಿಕ್ಕದ್ದು ಅವಳ ಕೈಯಲ್ಲಿ.

ಇಬ್ಬನಿ:
ಕೊನೆಗೆ ಒಂದು. ದಾರವೇ ಕೈಗೆ ಸಿಗದಿದ್ದರೆ?

ಹೊಂಬೆಳಕು:
ಕೈ ತೊಳೆದು ಕುಕ್ಕರಗಾಲಲ್ಲಿ ಕೂರಿ. ಮಲ ವಿಸರ್ಜನೆಗೆ ಮುಕ್ಕುವ ಹಾಗೆ ಮೆಲ್ಲಗೆ ಮುಕ್ಕಿ, ಆಗ ಟ್ಯಾಂಪೂನ್ ಕೆಳಗೆ ಬರುತ್ತದೆ. ಬೆರಳು ಒಳಗೆ ಹಾಕಿ ಗೋಡೆಯ ಸುತ್ತ ತಡಕಿ. ದಾರ ಸಿಕ್ಕರೆ ಅದನ್ನು, ಇಲ್ಲದಿದ್ದರೆ ಟ್ಯಾಂಪೂನನ್ನೇ ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಚಿಮುಟ, ಕ್ಲಿಪ್ ಏನನ್ನೂ ಒಳಗೆ ಹಾಕಬೇಡಿ. ಸಿಗದಿದ್ದರೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ಕೆಲವೇ ನಿಮಿಷದಲ್ಲಿ ತೆಗೆಯುತ್ತಾರೆ. ಟ್ಯಾಂಪೂನ್ ಒಳಗೇ ಮರೆತು ಬಂದವರನ್ನು ನಾವು ಆಗಾಗ ನೋಡುತ್ತಿರುತ್ತೇವೆ, ಯಾರೂ ನಿಮ್ಮನ್ನು ಬೈಯುವುದಿಲ್ಲ. ಹಳೆಯದು ಒಳಗಿರುವಾಗಲೇ ಇನ್ನೊಂದನ್ನು ಹಾಕಿದರೆ ಹೀಗಾಗುವುದು ಜಾಸ್ತಿ. ಕೊನೆಯದನ್ನು ತೆಗೆದಿದ್ದು ನೆನಪಿಲ್ಲ, ಕೆಟ್ಟ ವಾಸನೆಯ ಸ್ರಾವ ಬರುತ್ತಿದೆ ಅಂದರೂ ತೋರಿಸಿಕೊಳ್ಳಿ.